ತಲೆಬರಹದಲ್ಲಿ ಊರಿನ ಹೆಸರಿರಲಿ, ತಾರೀಖೂ ಇರಲಿ

ಕಳೆದ ಮಳೆಗಾಲದ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದೆ. ಜುಬೈಲ್‌ನಲ್ಲಿರುವ ತಮ್ಮನ ಫೋನ್ ಬಂತು. ಸಲಾಂ ಕೂಡ ಹೇಳದೆ, "ಮಕ್ಕಳು ಸ್ಕೂಲಿಂದ ಬಂದ್ರಾ? ಉಮ್ಮ ಎಲ್ಲಿ?" ಅಂತ ಕೇಳಿದ. ಸ್ವರ ನಡುಗುತ್ತಿತ್ತು.

ಆದದ್ದು ಇಷ್ಟೇ. ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಯಾರೋ ಒಂದು ಲಿಂಕ್ ಹಾಕಿದ್ದರು. 'ಬ್ರೇಕಿಂಗ್! ಶಾಲಾ ವಾಹನ ಭೀಕರ ಅಪಘಾತ, ಮಕ್ಕಳ ಸ್ಥಿತಿ ಏನಾಗಿದೆ ನೋಡಿ' ಎಂಬ ತಲೆಬರಹ. ಊರಿನ ಹೆಸರಿಲ್ಲ. ಕೆಲಸದ ನಡುವೆ ಅವನಿಗೆ ಕಂಡದ್ದು ಆ ಒಂದು ಸಾಲು ಮಾತ್ರ. ನಾನು ತೆರೆದು ನೋಡಿದರೆ ಘಟನೆ ಉತ್ತರ ಭಾರತದ್ದು, ಮಕ್ಕಳಿಗೆ ಆದದ್ದು ತರಚಿದ ಗಾಯ. ಅವನು ಪಟ್ಟ ಸಂಕಟಕ್ಕೆ ಯಾರು ಹೊಣೆ?

ಇವತ್ತು ನಮ್ಮ ಹುಡುಗರಲ್ಲಿ ಅನೇಕರು ಯೂಟ್ಯೂಬ್ ಚಾನೆಲ್, ವೆಬ್ ಸುದ್ದಿ, ಇನ್‌ಸ್ಟಾಗ್ರಾಂ ಪೇಜ್ ನಡೆಸುತ್ತಿದ್ದಾರೆ. ಒಳ್ಳೆಯದೇ. ಅವರಲ್ಲೊಬ್ಬನಿಗೆ ಈ ಕಥೆ ಹೇಳಿದೆ. "ಸ್ವಲ್ಪ ಮುಚ್ಚಿಡದಿದ್ರೆ ಯಾರು ಕ್ಲಿಕ್ ಮಾಡ್ತಾರೆ ಮಾರಾಯ್ರೆ?" ಅಂದ.

ಅವನ ಮಾತು ಪೂರ್ತಿ ಸುಳ್ಳಲ್ಲ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಅಪ್‌ವರ್ದಿ ಎಂಬ ವೆಬ್‌ಸೈಟ್ ಮುಚ್ಚಿಟ್ಟು ಕುತೂಹಲ ಹುಟ್ಟಿಸುವ ತಲೆಬರಹಗಳಿಂದಲೇ ಹೆಸರು ಮಾಡಿತು. ಎಲ್ಲರೂ ಅದನ್ನೇ ನಕಲು ಮಾಡಿದರು. ಜನರಿಗೆ ಸಾಕಾಯಿತು. 2014ರಲ್ಲಿ, ಮತ್ತೆ 2016ರಲ್ಲಿ, ಇಂಥ ತಲೆಬರಹದ ಪೋಸ್ಟ್‌ಗಳನ್ನು ಕೆಳಕ್ಕೆ ತಳ್ಳುವುದಾಗಿ ಫೇಸ್‌ಬುಕ್ ಹೇಳಿತು. 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬ್ ಭಾರತಕ್ಕೆಂದೇ ಪ್ರಕಟಣೆ ಹೊರಡಿಸಿತು: ಶೀರ್ಷಿಕೆಯಲ್ಲಿ, ತಂಬ್‌ನೈಲ್‌ನಲ್ಲಿ ಹೇಳಿದ್ದು ಒಳಗೆ ಇಲ್ಲದಿದ್ದರೆ, ಅದರಲ್ಲೂ ಬ್ರೇಕಿಂಗ್ ನ್ಯೂಸ್ ಹೆಸರಿನಲ್ಲಿ ಹಾಗೆ ಮಾಡಿದರೆ, ಕ್ರಮ ಬಿಗಿ ಮಾಡುತ್ತೇವೆ ಎಂದು. ಅಂದರೆ ವ್ಯಾಪಾರದ ಲೆಕ್ಕದಲ್ಲೂ ಈ ಉಪಾಯ ಬಾಳುವುದಿಲ್ಲ.

ಇನ್ನೊಂದು ವಿಷಯ. ಹೆಚ್ಚಿನವರು ಒಳಗೆ ಓದುವುದೇ ಇಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯ ಮತ್ತು ಫ್ರಾನ್ಸ್‌ನ ಸಂಶೋಧಕರು 2016ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಟ್ವಿಟರ್‌ನಲ್ಲಿ ಹಂಚಲಾದ ಸುದ್ದಿ ಲಿಂಕ್‌ಗಳಲ್ಲಿ ಶೇ. 59ರಷ್ಟನ್ನು ಯಾರೂ ತೆರೆದೇ ಇರಲಿಲ್ಲ. ಹಾಗಾದರೆ ಜನರ ಪಾಲಿಗೆ ತಲೆಬರಹವೇ ಸುದ್ದಿ. ಒಳಗೆ ಎಷ್ಟು ಸರಿಯಾಗಿ ಬರೆದರೂ ಮೇಲಿನ ಸಾಲು ಕೆಟ್ಟರೆ ಎಲ್ಲವೂ ಕೆಟ್ಟಿತು.

ಇದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. 2020ರಲ್ಲಿ ತಬ್ಲೀಗ್ ಜಮಾಅತ್ ಹೆಸರಿನಲ್ಲಿ ಬಂದ ತಲೆಬರಹಗಳು ನೆನಪಿವೆಯಲ್ಲ? ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿತು. ಅವರ ವಿರುದ್ಧ ಮಾಧ್ಯಮಗಳಲ್ಲಿ ದೊಡ್ಡ ಅಪಪ್ರಚಾರ ನಡೆಯಿತು ಎಂದೂ ಹೇಳಿತು. ಆದರೆ ಆ ತೀರ್ಪು ಎಷ್ಟು ಮೊಬೈಲ್‌ಗಳಿಗೆ ತಲುಪಿತು? ನಮ್ಮ ಕರಾವಳಿಯಲ್ಲಂತೂ 'ಅನ್ಯಕೋಮಿನ ಯುವಕ' ಎಂಬ ಎರಡೇ ಪದ ಸಾಕು, ಊರಿಗೆ ಊರೇ ಬಿಸಿಯಾಗುತ್ತದೆ. ಆ ಪೆಟ್ಟು ತಿಂದವರು ನಾವು. ನಾಳೆ ನಮ್ಮದೇ ಹುಡುಗ ವ್ಯೂಸ್ ಆಸೆಗೆ ಇನ್ನೊಬ್ಬರ ಬಗ್ಗೆ ಅದೇ ಥರ ಬರೆದರೆ ದೂರಲು ನಮಗೆ ಯಾವ ಬಾಯಿ ಉಳಿಯುತ್ತದೆ?

ಹಾಗಾದರೆ ಸಪ್ಪೆ ತಲೆಬರಹ ಹಾಕಬೇಕೇ? ಬೇಡ. ಓದುಗನನ್ನು ಎಳೆಯುವುದು ಅವನಿಗೆ ಬೇಕಾದ ವಿವರ. 'ವಿದ್ಯಾರ್ಥಿಗಳಿಗೆ ಗುಡ್ ನ್ಯೂಸ್!' ಎಂದರೆ ಯಾರಿಗೆ, ಎಂತದ್ದು ಎಂದೇ ಗೊತ್ತಾಗುವುದಿಲ್ಲ. 'ಪಿಯುಸಿ ಸ್ಕಾಲರ್‌ಶಿಪ್: ಜೂನ್ 30 ಕೊನೆಯ ದಿನ, ಆದಾಯ ಪ್ರಮಾಣಪತ್ರ ಬೇಕು' ಎಂದು ಬರೆಯಿರಿ. ಮನೆಯಲ್ಲಿ ಪಿಯುಸಿ ಓದುವ ಮಗಳಿರುವ ತಾಯಿ ಅದನ್ನು ತೆರೆಯದೆ ಬಿಡುವುದಿಲ್ಲ.

ಗ್ರೂಪ್‌ಗಳಲ್ಲಿ ಓಡಾಡುವ 'ಅರ್ಜೆಂಟ್ ರಕ್ತ ಬೇಕಾಗಿದೆ' ನೋಡಿ. ತಾರೀಖಿಲ್ಲ, ಆಸ್ಪತ್ರೆಯ ಹೆಸರಿಲ್ಲ. ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಆ ಮೆಸೇಜ್ ತಿಂಗಳುಗಟ್ಟಲೆ ತಿರುಗುತ್ತದೆ. ಕೊನೆಗೆ ನಿಜವಾಗಿ ರಕ್ತ ಬೇಕಾದಾಗ ಯಾರೂ ತಿರುಗಿ ನೋಡುವುದಿಲ್ಲ. 'ಅಬ್ದುಲ್ ರಹ್ಮಾನ್ ನಿಧನ' ಎಂದು ಮಾತ್ರ ಹಾಕಿದರೆ ಯಾವ ಅಬ್ದುಲ್ ರಹ್ಮಾನ್ ಎಂದು ತಿಳಿಯುವುದು ಹೇಗೆ? ಒಂದು ಮೊಹಲ್ಲಾದಲ್ಲೇ ಆ ಹೆಸರಿನವರು ನಾಲ್ಕು ಜನ ಇರುತ್ತಾರೆ. ಮನೆತನ, ಊರು, ಜನಾಝ ನಮಾಝ್‌ನ ಹೊತ್ತು ಮೊದಲ ಸಾಲಿನಲ್ಲೇ ಬರಲಿ.

ಬರೆಯುವ ಹುಡುಗರಿಗೆ ನನ್ನ ಸಲಹೆ ಸಣ್ಣದು. ಸುದ್ದಿ ಪೂರ್ತಿ ಬರೆದ ನಂತರ ತಲೆಬರಹ ಬರೆಯಿರಿ. ಅಪ್‌ವರ್ದಿಯವರು ಒಂದು ಸುದ್ದಿಗೆ 25 ತಲೆಬರಹ ಬರೆದು ಒಂದನ್ನು ಆರಿಸುತ್ತಿದ್ದರು. ಅವರಿಂದ ಕಲಿಯುವುದಿದ್ದರೆ ಆ ಶ್ರಮವನ್ನು ಕಲಿಯಿರಿ. ನೀವು ಐದಾದರೂ ಬರೆಯಿರಿ. ಮೊಬೈಲ್‌ನಲ್ಲಿ ಉದ್ದದ ಸಾಲು ಅರ್ಧಕ್ಕೆ ತುಂಡಾಗುತ್ತದೆ, ಹಾಗಾಗಿ ಊರು ಮತ್ತು ಮುಖ್ಯ ಸಂಗತಿ ಆರಂಭದಲ್ಲೇ ಇರಲಿ. ಮತ್ತೆ ಅದನ್ನು ಮನೆಯಲ್ಲಿ ಉಮ್ಮನಿಗೆ ಓದಿ ಹೇಳಿ. ಅವರು "ಎಲ್ಲಿ? ಯಾರು? ಯಾವಾಗ?" ಅಂತ ಕೇಳಿದರೆ ತಲೆಬರಹ ಇನ್ನೂ ಆಗಿಲ್ಲ ಎಂದು ಅರ್ಥ.

ಉಳಿದ ನಾವೂ ಒಂದು ಕೆಲಸ ಮಾಡಬಹುದು. ನಮ್ಮ ಕುಟುಂಬದ ಗ್ರೂಪಿನಲ್ಲಿ ಈಗ ಒಂದು ನಿಯಮ ಇದೆ. ಯಾವ ಊರು, ಯಾವ ದಿನ ಎಂದು ನೋಡಿಕೊಳ್ಳದೆ ಯಾರೂ ಏನನ್ನೂ ಮುಂದೆ ಕಳಿಸುವಂತಿಲ್ಲ. ದೂರದಲ್ಲಿ ದುಡಿಯುವ ನಮ್ಮವರಿಗಾಗಿ ಅಷ್ಟಾದರೂ ಮಾಡೋಣ.