ಹಸುವಿಗೆ ಸೂಜಿ, ಕತ್ತೆಗೆ ಬರೆ

ಇಟ್ಟಿಗೆ ಭಟ್ಟಿಯ ಪಕ್ಕ ಒಂದು ಕತ್ತೆ ನಿಂತಿತ್ತು. ನಿಂತಿತ್ತು ಅನ್ನುವುದಕ್ಕಿಂತ, ಯಾರೋ ಕಟ್ಟಿಗೆಯಲ್ಲಿ ಮಾಡಿ ನಿಲ್ಲಿಸಿದ ಹಾಗಿತ್ತು. ನಾಲ್ಕು ಕಾಲೂ ಬಿಗಿ, ಕಿವಿ ನೆಟ್ಟಗೆ, ಬಾಲ ಅರ್ಧ ಎತ್ತಿದ್ದು ಹಾಗೇ ನಿಂತಿದೆ. ಟ್ರ್ಯಾಕ್ಟರ್ ಹಾರ್ನ್ ಹೊಡೆದರೆ ಮೈಯೆಲ್ಲ ನಡುಗುತ್ತದೆ. ಮುಂದೆ ಹಸಿ ಮೇವಿದೆ, ಬಾಯಿ ತೆರೆಯುತ್ತಿಲ್ಲ. ಪಕ್ಕೆಯ ಮೇಲೆ ಕಾದ ಕಬ್ಬಿಣದ ಎರಡು ಹಸಿ ಬರೆ. ಹತ್ತು ಹನ್ನೆರಡು ದಿನದ ಹಿಂದೆ ಗೊರಸಿಗೆ ಮೊಳೆ ಚುಚ್ಚಿತ್ತಂತೆ. ಮೊಳೆ ಕಿತ್ತು, ಎಣ್ಣೆ ಅರಿಶಿನ ಹಚ್ಚಿ, ಮರುದಿನವೇ ಹೇರು ಹೊರಿಸಿದ್ದಾರೆ.

"ಡಾಕ್ಟರಿಗೆ ಹೇಳಿದ್ರೇನಣ್ಣ?" ಅಂತ ಕೇಳಿದೆವು.

"ಅವರು ದನದ ಡಾಕ್ಟರ್ ಅದಾರ್ರಿ. ಕತ್ತಿಗೆ ಯಾರ್ ಬರ್ತಾರ?"

ಮೂರನೇ ದಿನ ಅದು ಸತ್ತಿತು. ಆ ಮನೆಯನ್ನು ಸಾಕುತ್ತಿದ್ದದ್ದು ಎರಡು ಕತ್ತೆ. ಈಗ ಒಂದೇ.

ನಾವು ಲಕ್ಷಣ ವಿವರಿಸಿದಾಗ ಪರಿಚಯದ ಪಶುವೈದ್ಯರೊಬ್ಬರು ಫೋನಿನಲ್ಲೇ ಹೇಳಿದರು: ಧನುರ್ವಾಯು. ಇದರ ರೋಗಾಣು ಮಣ್ಣಿನಲ್ಲಿ, ಲದ್ದಿಯಲ್ಲಿ ಇದ್ದೇ ಇರುತ್ತದೆ. ಆಳವಾದ ಗಾಯ ಸಿಕ್ಕರೆ ಒಳಗೆ ಸೇರಿ ವಿಷ ಉತ್ಪಾದಿಸುತ್ತದೆ. ಎಮ್ಮೆ ದನಗಳಿಗಿಂತ ಕುದುರೆ ಜಾತಿಯ ಪ್ರಾಣಿಗಳಿಗೆ ಇದರ ಅಪಾಯ ಬಹಳ ಹೆಚ್ಚು. ಬಂದ ಮೇಲೆ ಉಳಿಸಿಕೊಳ್ಳುವುದು ಕಷ್ಟ, ಬರದಂತೆ ತಡೆಯುವುದು ಸುಲಭ. ನಾವು ನೀವು ಮೊಳೆ ಚುಚ್ಚಿದಾಗ ಹಾಕಿಸಿಕೊಳ್ಳುತ್ತೇವಲ್ಲ, ಟಿ.ಟಿ. ಸೂಜಿ, ಅದೇ ಬಗೆಯ ಲಸಿಕೆ. ಮೊದಲ ಸಲ ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ದುಬಾರಿ ಔಷಧವೇನಲ್ಲ.

ಹಾಗಾದರೆ ಆ ಕತ್ತೆಗೆ ಯಾಕೆ ಸಿಗಲಿಲ್ಲ? ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅದಕ್ಕೆ. ಇದು ನಮ್ಮ ನೇರ ಆರೋಪ. ಇಲಾಖೆಯ ಮೇಲಷ್ಟೇ ಅಲ್ಲ, ಮಾಲೀಕರ ಮೇಲೂ, ನಮ್ಮ ಮೇಲೂ. 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳು ಸಾಯುವಾಗ ನಾವೆಲ್ಲ ಓಡಾಡಿ ಬರೆದೆವು, ಬರೆಯಲೇಬೇಕಿತ್ತು. ಕತ್ತೆ ಸತ್ತಾಗ ಒಂದು ಸಾಲು ಬರೆದವರಿಲ್ಲ.

2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಜ್ವರದ ಲಸಿಕೆ ಹಾಕಲು ತಂಡ ಊರೂರಿಗೆ ಬರುತ್ತದೆ. ದನದ ಕಿವಿಗೆ ಹನ್ನೆರಡು ಅಂಕಿಯ ಬಿಲ್ಲೆ ಹೊಡೆಯುತ್ತಾರೆ. ಕತ್ತೆ ಕುದುರೆಗೆ ಕಾಲುಬಾಯಿ ಜ್ವರ ಬರುವುದಿಲ್ಲ, ಅವುಗಳದ್ದು ಒಂಟಿ ಗೊರಸು. ಆ ಲಸಿಕೆ ಅವುಗಳಿಗೆ ಬೇಡ, ಅದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇಷ್ಟೇ: ಅದೇ ತಂಡ, ಅದೇ ಐಸ್ ಡಬ್ಬಿ, ಅದೇ ದಾರಿ. ಅದರಲ್ಲಿ ಧನುರ್ವಾಯು ಲಸಿಕೆಯ ನಾಲ್ಕು ಸೀಸೆ ಇಟ್ಟುಕೊಂಡು ಬಂದರೆ ಯಾರ ಗಂಟು ಹೋಗುತ್ತದೆ?

ಕೆಲವರ ಉತ್ತರ ನಮಗೆ ಗೊತ್ತು. "ಕತ್ತೆಗಳೇ ಇಲ್ಲವಲ್ಲ, ಯಾರಿಗೆ ಹಾಕೋದು?" ನಿಜ, ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ 3.2 ಲಕ್ಷ ಇದ್ದ ಕತ್ತೆಗಳು 2019ರಲ್ಲಿ 1.2 ಲಕ್ಷಕ್ಕೆ ಇಳಿದವು. ಟೆಂಪೊ, ಟ್ರ್ಯಾಕ್ಟರ್ ಬಂದದ್ದೂ ಇದಕ್ಕೆ ಕಾರಣ. ಆದರೆ ಟೆಂಪೊ ಹೋಗದ ದಾರಿಯಲ್ಲಿ ಇವತ್ತಿಗೂ ಹೇರು ಹೊರುತ್ತಿರುವುದು ಯಾರ ಕತ್ತೆ? ಟೆಂಪೊ ಕೊಳ್ಳಲಾಗದವರದ್ದು. ಕುರಿ ಹಿಂಡಿನ ಜೊತೆ ಊರಿಂದೂರಿಗೆ ಹೋಗುವ ಕುರಿಗಾಹಿಯ ಸಂಸಾರ, ಪಾತ್ರೆ, ಈಗಷ್ಟೇ ಹುಟ್ಟಿದ ಕುರಿಮರಿ, ಎಲ್ಲವೂ ಒಂದು ಕುದುರೆಯ ಬೆನ್ನ ಮೇಲೆ. ಸಂಖ್ಯೆ ಕಡಿಮೆ ಅಂದರೆ ಕೆಲಸ ಸುಲಭ ಅಂತಲೂ ಅರ್ಥ. ಒಂದು ತಾಲೂಕಿನ ಕತ್ತೆ ಕುದುರೆಗೆಲ್ಲ ಲಸಿಕೆ ಹಾಕಲು ಎಷ್ಟು ದಿನ ಬೇಕು ಸ್ವಾಮಿ?

ಇದೇ ರಾಜ್ಯದಲ್ಲಿ, ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಇದೆ. ಬೆಂಗಳೂರಿನ ರೇಸು ಕುದುರೆ ನೋಡಿಕೊಳ್ಳಲು ಕುದುರೆಗೇ ಮೀಸಲಾದ ವೈದ್ಯರಿದ್ದಾರೆ. ಕುದುರೆ ಜಾತಿಗೆ ಔಷಧ ಗೊತ್ತಿಲ್ಲ ಅನ್ನುವ ಮಾತು ಸುಳ್ಳು. ಪಶುವೈದ್ಯ ಕಾಲೇಜಿನಲ್ಲಿ ಎಲ್ಲರೂ ಓದುವ ಪಾಠವೇ ಅದು.

ಇನ್ನು ಮಾಲೀಕರ ಮಾತು. ಸಿಟ್ಟಾಗಬೇಡಿ, ಆದರೆ ಹೇಳಲೇಬೇಕು. ಬರೆ ಔಷಧವಲ್ಲ. ಕುಂಟಿದರೆ ಬರೆ, ಕೆಮ್ಮಿದರೆ ಬರೆ, ಹೊಟ್ಟೆ ಉಬ್ಬಿದರೆ ಬರೆ. ಹಾಕಿದ ಪ್ರತಿ ಬರೆಯೂ ಹೊಸ ಗಾಯ, ಧನುರ್ವಾಯುವಿಗೆ ಹೊಸ ಬಾಗಿಲು. ಉಸಿರು ಸಲೀಸಾಗಲಿ ಅಂತ ಕತ್ತೆಯ ಮೂಗಿನ ಹೊಳ್ಳೆ ಸೀಳುವವರಿದ್ದಾರೆ. ಅದರಿಂದ ಉಸಿರೂ ಸಲೀಸಾಗುವುದಿಲ್ಲ, ಕೆಲಸವೂ ಹೆಚ್ಚುವುದಿಲ್ಲ, ಗಾಯಕ್ಕೆ ನೊಣ ಮುತ್ತುತ್ತವೆ ಅಷ್ಟೇ.

ಗೊಟ್ಟದ ವಿಷಯ ಇನ್ನೂ ಗಂಭೀರ. ಕುದುರೆಗೆ ಹೊಟ್ಟೆಶೂಲೆ ಬಂದರೆ ಅದು ಹೊರಳಾಡುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಕಟ್ಟಿಕೊಂಡದ್ದು ಮೇಲಿನಿಂದ ಹೊರಬರುವ ದಾರಿಯೇ ಇಲ್ಲ. ಆಗ ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಎಣ್ಣೆ ಸುರಿದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಬಹುದು. ಶೂಲೆಯಿಂದ ಉಳಿಯಬಹುದಾಗಿದ್ದ ಪ್ರಾಣಿ ಎಣ್ಣೆಯಿಂದ ಸಾಯುತ್ತದೆ. ಮೇವು ತೆಗೆದಿಡಿ, ಡಾಕ್ಟರನ್ನು ಕರೆಯಿರಿ, ಏನೂ ಕುಡಿಸಬೇಡಿ. ಹಾಗೆಯೇ, ಬಾಯಿ ಬಿಗಿದು ಜೊಲ್ಲು ಸುರಿಸುವ ಯಾವ ಪ್ರಾಣಿಯ ಬಾಯಿಗೂ, ಹಸುವಾಗಲಿ ಕತ್ತೆಯಾಗಲಿ, ಏನೋ ಸಿಕ್ಕಿಕೊಂಡಿದೆ ಅಂತ ಬರಿಗೈ ಹಾಕಬೇಡಿ. ಹುಚ್ಚುನಾಯಿ ರೋಗವೂ ಹೀಗೆಯೇ ಕಾಣುತ್ತದೆ.

ಮನುಷ್ಯರಿಗೂ ಅಂಟುವ ಇನ್ನೊಂದು ರೋಗವಿದೆ, ಗ್ಲಾಂಡರ್ಸ್. ಮೂಗಿನಿಂದ ಅಂಟಂಟಾದ ಹಳದಿ ಸಿಂಬಳ, ಮೈಮೇಲೆ ಗಂಟು, ಗಂಟು ಒಡೆದು ಹುಣ್ಣು, ಜ್ವರ. ಇಂಥದ್ದು ಕಂಡರೆ ಪ್ರಾಣಿಯನ್ನು ಬೇರೆ ಕಟ್ಟಿ, ನೀರಿನ ತೊಟ್ಟಿ ಬೇರೆ ಮಾಡಿ, ಬರಿಗೈಲಿ ಮುಟ್ಟದೆ ಸುದ್ದಿ ಕೊಡಿ. ಇಂಥ ರೋಗದ ಅನುಮಾನ ಬಂದರೆ ಮಾಲೀಕರು ಗ್ರಾಮದ ಅಧಿಕಾರಿಗೋ ಪಂಚಾಯಿತಿಗೋ ತಿಳಿಸಬೇಕು, ಅವರು ಪಶುವೈದ್ಯರಿಗೆ ಮುಟ್ಟಿಸಬೇಕು ಅಂತ 2009ರ ಕಾಯ್ದೆಯೇ ಹೇಳುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆ, ಒಮ್ಮೆ ಕೇಳಿ ನೋಡಿ. ರೋಗ ಖಚಿತವಾದರೆ ಪ್ರಾಣಿಯನ್ನು ಕೊಂದು ಹೂಳುತ್ತಾರೆ. ಅದಕ್ಕೇ ಜನ ಮುಚ್ಚಿಡುತ್ತಾರೆ. ಇದಕ್ಕೆ ಪರಿಹಾರ ಉಂಟು, ಆದರೆ ಹೂಳುವುದು ಇವತ್ತು, ದುಡ್ಡು ಯಾವತ್ತೋ ಅಂತಾದರೆ ಬಡವ ಬಾಯಿ ಬಿಡುವುದಿಲ್ಲ. ಪರಿಹಾರ ಬೇಗ ಕೈಗೆ ಸಿಗುವುದೂ ರೋಗ ತಡೆಯುವ ಕೆಲಸವೇ.

ಅಂದ ಹಾಗೆ, ಕೂಸಿಗೆ ಕೆಮ್ಮು ಬಂದರೆ ಇದೇ ಕತ್ತೆಯ ಹಸಿ ಹಾಲನ್ನು ದುಡ್ಡು ಕೊಟ್ಟು ಒಳಲೆಯಲ್ಲಿ ಕುಡಿಸುತ್ತೇವೆ. ಆ ಕತ್ತೆಗೆ ಏನು ರೋಗವಿದೆ ಅಂತ ಯಾರೂ ಕೇಳುವುದಿಲ್ಲ.

ಸಂಚಾರಿ ಪಶು ಚಿಕಿತ್ಸಾ ವಾಹನದ ನಂಬರ್ 1962. ಹಸುವಿಗೆ ಮಾತ್ರ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಗೊರಸಿಗೆ ಮೊಳೆ ಚುಚ್ಚಿದ ದಿನವೇ ಫೋನ್ ಮಾಡಿ, ಬಾಯಿ ಬಿಗಿಯುವವರೆಗೆ ಕಾಯಬೇಡಿ. ಮುಂದಿನ ಸಲ ಕಾಲುಬಾಯಿ ಲಸಿಕೆಗೆ ತಂಡ ಬಂದಾಗ ಕತ್ತೆಯನ್ನೂ ಕುದುರೆಯನ್ನೂ ಹಿಡಿದುಕೊಂಡು ಬಂದು ದನದ ಸಾಲಿನಲ್ಲೇ ನಿಲ್ಲಿಸಿ, ಧನುರ್ವಾಯು ಲಸಿಕೆ ಕೇಳಿ. ಇಲ್ಲ ಅಂದರೆ, ಯಾವ ದಿನ ತರುತ್ತೀರಿ ಅಂತ ಕೇಳಿ. ಅವರು ಏನು ಉತ್ತರ ಕೊಟ್ಟರು ಅಂತ ನಮಗೆ ತಿಳಿಸಿ, ಊರಿನ ಹೆಸರಿನ ಸಮೇತ ಬರೆಯುತ್ತೇವೆ.