ಶಾಲೆ ಬಿಡುವ ಮಗಳಿಗೆ ಕೈಗಡಿಯಾರ

ಪ್ರತಿ ವರುಷವೂ ಹತ್ತನೆಯ ತರಗತಿಯ ಫಲಿತಾಂಶವು ಹೊರಟ ಕೂಡಲೆ ನಮ್ಮ ಕೊಠಡಿಗೆ ಬರುವ ತಂದೆತಾಯಿಗಳು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಮಗಳನ್ನು ಮುಂದೆ ಯಾವ ಕಾಲೇಜಿಗೆ ಸೇರಿಸತಕ್ಕದ್ದು ಎಂಬುದು ಮೊದಲನೆಯದು. ಅದಕ್ಕೆ ಉತ್ತರ ದೊರೆತ ಮೇಲೆ ಎದ್ದು ಬಾಗಿಲ ಬಳಿಗೆ ಹೋಗಿ ನಿಂತು, ಸ್ವಲ್ಪ ಸಂಕೋಚದಿಂದ ಎರಡನೆಯದನ್ನು ಕೇಳುತ್ತಾರೆ: "ಅಮ್ಮಾ, ಮಗು ಪಾಸಾಯಿತಲ್ಲ, ಒಂದು ವಾಚು ಕೊಡಿಸೋಣವೆಂದಿದ್ದೇವೆ, ಯಾವುದು ಒಳ್ಳೆಯದು?" ಈ ಪ್ರಶ್ನೆಗೆ ನಾವು ಇದುವರೆಗೆ ನಿಂತ ಕಾಲಿನಲ್ಲಿಯೇ ಏನನ್ನಾದರೂ ಹೇಳಿ ಕಳುಹಿಸಿದ್ದೇವೆ. ಅದು ಇನ್ನೂ ಹೆಚ್ಚಿನ ವಿಚಾರಕ್ಕೆ ಯೋಗ್ಯವಾದುದೆಂದು ಈಗ ನಮಗೆ ತೋರುವುದರಿಂದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಅಭಿಪ್ರಾಯವನ್ನು ಬರೆದಿಡುತ್ತೇವೆ.

ಕಳೆದ ವರುಷ ಶ್ರೀನಿವಾಸಪುರದ ಕಡೆಯ ಒಬ್ಬ ರೈತರು, ಮಂಡಿಯಲ್ಲಿ ಮಾವಿನ ಹಣ್ಣು ಮಾರಿ ಹಣವು ಕೈಗೆ ಬಂದ ದಿವಸವೇ, ಮಗಳಿಗಾಗಿ ಒಂದು ಕೈಗಡಿಯಾರವನ್ನು ಕೊಂಡು ನಮಗೆ ತೋರಿಸಲು ತಂದರು. ಚಿನ್ನದ ನೀರು ಹಾಕಿದ್ದು. ಮುಖವು ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಅಂಕೆಗಳಿಲ್ಲ, ಅವುಗಳ ಸ್ಥಾನದಲ್ಲಿ ಹೊಳೆಯುವ ಕಲ್ಲುಗಳು. ಈಗ ಗಂಟೆ ಎಷ್ಟೆಂದು ನೋಡಿ ಹೇಳಿರೆಂದು ನಾವು ಕೇಳಲು, ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹತ್ತಿರಕ್ಕೆ ಹಿಡಿದರು, ದೂರಕ್ಕೆ ಹಿಡಿದರು, ಕಡೆಗೆ ನಕ್ಕು, ನಮ್ಮ ಗೋಡೆಯ ಗಡಿಯಾರವನ್ನು ನೋಡಿ ಹೇಳಿದರು. "ಇರಲಿ ಅಮ್ಮಾ, ನಾಳೆ ಮದುವೆಗೂ ಆಗುತ್ತದೆ" ಎಂದರು. ಹುಡುಗಿಗೆ ಆಗ ಹದಿನಾರು ತುಂಬಿರಲಿಲ್ಲ. ಅವರು ಮಗಳ ಮೇಲೆ ಪ್ರೀತಿಯುಳ್ಳ ತಂದೆ. ಅದರಲ್ಲಿ ಸಂದೇಹವೇ ಇಲ್ಲ. ಆದರೆ ಅವರು ಕೊಂಡದ್ದು ಓದು ಮುಗಿಸಿದ ಹುಡುಗಿಗೆ ಕೊಡುವ ಬಹುಮಾನವನ್ನಲ್ಲ, ಪೆಟ್ಟಿಗೆಯಲ್ಲಿಡುವ ಒಡವೆಯನ್ನು.

ನಮ್ಮ ಸೀಮೆಯಲ್ಲಿ ಕೈಗಡಿಯಾರವು ಬಹುಕಾಲದಿಂದ ಅಳಿಯನ ಪದಾರ್ಥವಾಗಿದೆ. ಕೋಲಾರ, ಮಾಲೂರು, ಮುಳಬಾಗಿಲುಗಳಲ್ಲಿ, ಮನೆಮಾತು ಕನ್ನಡವಾಗಲಿ ತೆಲುಗಾಗಲಿ, ವರನಿಗೆ ಬಟ್ಟೆ, ಉಂಗುರ, ವಾಚು ಎಂದು ಒಂದೇ ಉಸಿರಿನಲ್ಲಿ ಹೇಳುವ ವಾಡಿಕೆಯುಂಟು. ತನ್ನ ಜೀವಮಾನದಲ್ಲಿ ಒಮ್ಮೆಯೂ ಮಗಳ ಕೈಗೆ ಗಡಿಯಾರ ಕಟ್ಟದ ತಂದೆಯು, ಮುಖ ನೋಡಿ ಮೂರು ದಿವಸವಾಗದ ಹುಡುಗನ ಕೈಗೆ ಸಾಲ ಮಾಡಿ ಕಟ್ಟುತ್ತಾನೆ. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿ ಬಂದಿತು. ಅದೇ 1961ರಲ್ಲಿ ಬೆಂಗಳೂರಿನಲ್ಲಿ, ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ, ಎಚ್.ಎಂ.ಟಿ.ಯವರ ಗಡಿಯಾರದ ಕಾರ್ಖಾನೆಯು ಆರಂಭವಾಯಿತು. ಎರಡರಲ್ಲಿ ಯಾವುದು ನಮ್ಮ ಹಳ್ಳಿಗಳಿಗೆ ಬೇಗನೆ ತಲುಪಿತೆಂದು ಹೇಳಬೇಕಾದ ಅವಶ್ಯಕತೆಯಿಲ್ಲ.

ವಿಚಿತ್ರವೇನಂದರೆ, ಕೈಗೆ ಕಟ್ಟುವ ಗಡಿಯಾರವು ಮೊದಲಿಗೆ ಸ್ತ್ರೀಯರದೇ ಆಗಿತ್ತು. ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ ಎಂಬವರು 1868ರಲ್ಲಿ ಹಂಗೇರಿ ದೇಶದ ಒಬ್ಬ ಪ್ರಭುಪತ್ನಿಗಾಗಿ ಅಂಥದೊಂದನ್ನು ಮಾಡಿದರು. ಗಂಡಸರು ಆಗ ಸರಪಣಿಯುಳ್ಳ ಗಡಿಯಾರವನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಕೈಗೆ ಕಟ್ಟುವುದು ಹೆಂಗಸರ ಬಳೆಯಂಥ ಅಲಂಕಾರವೆಂದು ನಗುತ್ತಿದ್ದರು. 1914ರಿಂದ 1918ರ ವರೆಗಿನ ಮಹಾಯುದ್ಧದಲ್ಲಿ, ಕಂದಕದೊಳಗೆ ನಿಂತು ಜೇಬು ತಡಕುವುದಕ್ಕೆ ಸಮಯವಿಲ್ಲದ ಸಿಪಾಯಿಗಳು ಅದನ್ನು ಕೈಗೆ ಕಟ್ಟಿಕೊಂಡ ಮೇಲೆ ಆ ನಗೆಯು ನಿಂತಿತು. ಅಲಂಕಾರವಾಗಿದ್ದುದು ಕೆಲಸದ ವಸ್ತುವಾದ ಕೂಡಲೆ ಗಂಡಸರದಾಯಿತು. ಅದು ಹೆಂಗಸರ ಕೈಯಲ್ಲಿಯೂ ಕೆಲಸದ ವಸ್ತುವಾಗಲಿ ಎಂಬುದಷ್ಟೇ ನಮ್ಮ ಮಾತು.

ಹೆಂಗಸರಿಗೇಕೆ ಸಮಯವೆಂದು ಕೇಳುವವರು ಇನ್ನೂ ಇದ್ದಾರೆ. ಹಿಂದೆ ನಮ್ಮ ಶಾಲೆಯಿಂದ ತೇರ್ಗಡೆಯಾದ ಮುಳಬಾಗಿಲು ತಾಲ್ಲೂಕಿನ ಒಬ್ಬ ಹುಡುಗಿಗೆ ಅವಳ ಸೋದರಮಾವನು ಒಂದು ಒಳ್ಳೆಯ ಗಡಿಯಾರವನ್ನು ಕೊಟ್ಟನು. ಅವಳು ಅದನ್ನು ಕಟ್ಟಿಕೊಂಡು ಕಾಲೇಜಿಗೆ ಹೋದದ್ದು ಇಪ್ಪತ್ತು ದಿವಸ ಮಾತ್ರ. ಆಮೇಲೆ ಅದು ಅಣ್ಣನ ಕೈಗೆ ಹೋಯಿತು. ಯಾರೂ ಕಸಿದುಕೊಳ್ಳಲಿಲ್ಲ, ಯಾರೂ ಗದರಿಸಲಿಲ್ಲ. ಅವನು ಒಂದು ದಿವಸ ಕೆಲಸ ಹುಡುಕಲು ಬೆಂಗಳೂರಿಗೆ ಹೋಗುವಾಗ ಕೇಳಿ ಪಡೆದನು, ಹಿಂದಕ್ಕೆ ಕೊಡಲಿಲ್ಲ. "ಅವನು ಹೊರಗೆ ತಿರುಗುವವನು, ನಿನಗೆ ಮನೆಯಲ್ಲಿ ಗೋಡೆಯ ಮೇಲೆ ಇದೆಯಲ್ಲ" ಎಂದು ತಾಯಿಯು ಹೇಳಿದಳಂತೆ. ಹುಡುಗಿಯು ಮಾತ್ರ ಬೆಳಿಗ್ಗೆ ಆರು ಗಂಟೆಗೆ ಮುಂಚೆ ಡೇರಿಗೆ ಹಾಲು ಹಾಕಿ, ರೇಷ್ಮೆ ಹುಳಕ್ಕೆ ಸೊಪ್ಪು ಕೊಟ್ಟು, ಏಳೂವರೆಯ ಬಸ್ಸಿಗೆ ಓಡುವವಳು. ಆ ಮನೆಯಲ್ಲಿ ನಿಮಿಷಗಳನ್ನು ಎಣಿಸಬೇಕಾದವಳು ಅವಳೊಬ್ಬಳೇ! ಈಗ ಅವಳು ಕೋಲಾರದಲ್ಲಿ ದಾದಿಯ ತರಬೇತಿಯಲ್ಲಿದ್ದಾಳೆ. ಮೊನ್ನೆ ನಮ್ಮನ್ನು ಕಾಣಲು ಬಂದಾಗ ತಾನೇ ಹಣ ಕೂಡಿಸಿ ಕೊಂಡ ಗಡಿಯಾರವನ್ನು ತೋರಿಸಿ, ಈ ಹಳೆಯ ಸಂಗತಿಯನ್ನು ನಗುತ್ತಲೇ ಹೇಳಿದಳು. ನಮಗೆ ನಗೆ ಬರಲಿಲ್ಲ.

ಆದುದರಿಂದ, ಯಾವ ಗಡಿಯಾರವೆಂಬುದಕ್ಕೆ ಮುಂಚೆ, ಯಾರ ಗಡಿಯಾರವೆಂಬುದನ್ನು ನಿಶ್ಚಯಿಸಬೇಕು. ಇದಕ್ಕೆ ನಮಗೆ ತೋರುವ ಉಪಾಯವು ಬಹು ಸಾಧಾರಣವಾದುದು: ಹಿಂಬದಿಯ ಮುಚ್ಚಳದ ಮೇಲೆ ಹುಡುಗಿಯ ಹೆಸರನ್ನೂ ತೇರ್ಗಡೆಯಾದ ವರುಷವನ್ನೂ ಕೆತ್ತಿಸುವುದು. ಪಾತ್ರೆಯ ಮೇಲೆ ಹೆಸರು ಹಾಕುವವರು ಪೇಟೆಯಲ್ಲಿ ಇದ್ದೇ ಇದ್ದಾರೆ. ಉಕ್ಕಿನ ಮುಚ್ಚಳವಾದರೆ ಅರ್ಧ ಗಂಟೆಯ ಕೆಲಸವೂ ಅಲ್ಲ. ಕೊಟ್ಟವರ ಹೆಸರನ್ನು ಹಾಕಿಸಬಾರದು. ತವರಿನಿಂದ ಕೊಟ್ಟ ಪಾತ್ರೆಗಳ ಮೇಲೆ ತಂದೆಯ ಹೆಸರಿರುವುದನ್ನು ನೋಡಿ ನೋಡಿ ನಮಗೆ ಸಾಕಾಗಿದೆ. ಹೆಸರಿರುವ ಗಡಿಯಾರವನ್ನು ಅಣ್ಣನು ಕೇಳಲು ನಾಚುತ್ತಾನೆ; ಮುಂದೆ ಅಳಿಯನ ತಟ್ಟೆಯಲ್ಲಿ ಇಡುವುದಕ್ಕೂ ಬರುವುದಿಲ್ಲ. ಅದಲ್ಲದೆ, ಕೊಡುವಾಗ ಮನೆಯವರೆಲ್ಲರ ಎದುರಿನಲ್ಲಿ, ಗಂಡುಮಕ್ಕಳು ಮುಖ್ಯವಾಗಿ ಇರುವಾಗ, ಇದು ಇವಳದೆಂದು ಹೇಳಿ ಕೊಡಬೇಕು. ಹೆಂಗಸರ ಸಣ್ಣ ಗಡಿಯಾರವನ್ನೇ ಕೊಂಡರೆ ಅಣ್ಣನ ಕಾಟವಿಲ್ಲವಲ್ಲಾ ಎಂದು ನಮ್ಮ ಸಹೋದ್ಯೋಗಿನಿಯೊಬ್ಬರು ಹೇಳಿದರು. ಅದರಲ್ಲಿ ಸತ್ಯವುಂಟು, ಆದರೆ ಕಾಣದ ಗಡಿಯಾರದಿಂದ ಅಣ್ಣನಿಗೂ ಪ್ರಯೋಜನವಿಲ್ಲ, ತಂಗಿಗೂ ಇಲ್ಲ.

ಇನ್ನು ಗಡಿಯಾರದ ವಿಷಯ. ಬಿಳಿಯ ಮುಖ, ಕಪ್ಪು ಅಂಕೆಗಳು, ಹನ್ನೆರಡೂ ಇರತಕ್ಕದ್ದು. ತೋಳಿನಷ್ಟು ದೂರದಿಂದ, ಸಂಜೆಯ ಬೆಳಕಿನಲ್ಲಿ, ಓಡುವ ಬಸ್ಸಿನಲ್ಲಿ ಓದಲು ಬರಬೇಕು. ಸೆಕೆಂಡಿನ ಮುಳ್ಳು ಇರಲೇಬೇಕು. ದಾದಿಯಾಗುವವಳು ನಾಡಿಯನ್ನು ಎಣಿಸುವುದು ಅದರಿಂದ. ವಿಜ್ಞಾನ ಓದುವವಳು ಲೋಲಕದ ಆಂದೋಲನವನ್ನು ಅಳೆಯುವುದು ಅದರಿಂದ. ಆಸ್ಪತ್ರೆಯ ಕೆಲಸಕ್ಕೆ ಹೋಗುವವಳಿಗೆ ಎದೆಯ ಮೇಲೆ ಪಿನ್ನಿನಿಂದ ತೂಗುಹಾಕುವ ಗಡಿಯಾರವು ಇನ್ನೂ ಉತ್ತಮ, ಯಾಕಂದರೆ ಪದೇ ಪದೇ ಕೈ ತೊಳೆಯುವವರ ಮಣಿಕಟ್ಟಿನಲ್ಲಿ ಪಟ್ಟಿಯು ಇರಬಾರದು. ನಮ್ಮ ಹುಡುಗಿಯರು ಪಾತ್ರೆ ತೊಳೆಯುವವರು, ಹಸು ಕರೆಯುವವರು; ಆದಕಾರಣ ನೀರು ತಡೆಯುವಂಥದು ಬೇಕು. ಆದರೆ 30 ಮೀಟರೆಂದು ಬರೆದಿರುವುದನ್ನು ಕಂಡು ಬಾವಿಯಲ್ಲಿ ಈಜಬಹುದೆಂದು ತಿಳಿಯಬಾರದು. ಅದು ಕೈ ತೊಳೆಯುವಾಗಿನ ಸಿಂಚನವನ್ನು ತಡೆಯುವುದಕ್ಕಷ್ಟೇ ಸಾಕು. ಚರ್ಮದ ಪಟ್ಟಿಯು ನಮ್ಮ ಏಪ್ರಿಲ್ ತಿಂಗಳ ಬೆವರಿಗೆ ಎರಡು ವರುಷವೂ ಬಾಳುವುದಿಲ್ಲ.

ಕೀಲಿ ಕೊಡುವ ಗಡಿಯಾರವೋ ಬ್ಯಾಟರಿಯದೋ ಎಂಬಲ್ಲಿ ನಮ್ಮ ಮನಸ್ಸು ಒಂದು ಕಡೆ, ಬುದ್ಧಿಯು ಇನ್ನೊಂದು ಕಡೆ. ಬ್ಯಾಟರಿಯದರಲ್ಲಿ ಸ್ಫಟಿಕದ ಒಂದು ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ತಿಂಗಳಿಗೆ ಹದಿನೈದು ಸೆಕೆಂಡಿನ ಆಚೆಈಚೆ ತಪ್ಪುವುದು ಅಪರೂಪ. ಕೀಲಿಯದು ಒಂದೇ ದಿವಸದಲ್ಲಿ ಅಷ್ಟು ತಪ್ಪುವುದುಂಟು. ಒಂದೂವರೆ ದಿವಸ ಕೀಲಿ ಮರೆತರೆ ನಿಂತೇ ಹೋಗುವುದುಂಟು. ಬುದ್ಧಿಯು ಬ್ಯಾಟರಿಯದನ್ನು ಕೊಳ್ಳಿರೆನ್ನುತ್ತದೆ, ಅದನ್ನೇ ಕೊಳ್ಳಿರಿ. ನಮ್ಮ ಕೈಯಲ್ಲಿರುವುದು ಮಾತ್ರ ಕೀಲಿಯದು. ನಾವು 2002ರಲ್ಲಿ ಉಪಾಧ್ಯಾಯಿನಿಯ ತರಬೇತಿಯನ್ನು ಮುಗಿಸಿದಾಗ ನಮ್ಮ ತಾಯಿಯು ಕೊಟ್ಟ ಎಚ್.ಎಂ.ಟಿ. ಗಡಿಯಾರ. ಅದೂ ಹೊಸದಲ್ಲ, ಯಾರೋ ಬಳಸಿದ್ದನ್ನು ರಿಪೇರಿಯವನಿಂದ ಕೊಂಡು, ಗಾಜನ್ನು ಬದಲಾಯಿಸಿ ಕೊಟ್ಟರು. ದಿವಸಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಬೆಳಿಗ್ಗೆ ಶಾಲೆಯ ಘಂಟೆ ಬಾರಿಸಿದಾಗ ಕೀಲಿ ಕೊಟ್ಟು ಸರಿಪಡಿಸಿಕೊಳ್ಳುತ್ತೇವೆ. ಆ ಗಡಿಯಾರಗಳ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ತೀರ್ಮಾನಿಸಿತು. ಅಂದಿನ ಪತ್ರಿಕೆಯನ್ನು ಓದಿ ನಾವು ಆ ಬೆಳಿಗ್ಗೆ ಕೀಲಿಯನ್ನು ಎಂದಿಗಿಂತ ಮೆಲ್ಲನೆ ತಿರುಗಿಸಿದೆವೆಂದು ಒಪ್ಪಿಕೊಳ್ಳುತ್ತೇವೆ. ಮಾಲೂರಿನವರಿಗೆ ಗಡಿಯಾರವು ದೂರದ ವಸ್ತುವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ರಾಜ್ಯದ ಗಡಿಯನ್ನು ದಾಟಿದರೆ ಹೊಸೂರು. 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯ ಗಡಿಯಾರದ ಕಾರ್ಖಾನೆಯು ಅಲ್ಲಿಯೇ ಇದೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ಗಡಿಯಾರದ ಪಟ್ಟಿಗಳನ್ನು ಜೋಡಿಸುವ ಕೆಲಸದಲ್ಲಿ ಹೆಸರು ಪಡೆದವರು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನಂಬತಕ್ಕ ಗಡಿಯಾರವು ಇಂದು ದೊರೆಯುತ್ತದೆ. ಅದಕ್ಕಿಂತ ಹೆಚ್ಚಿನದಕ್ಕಾಗಿ ಯಾರೂ ಸಾಲ ಮಾಡಬಾರದು.

ಮೊಬೈಲಿನಲ್ಲಿಯೇ ಸಮಯವು ಕಾಣುವಾಗ ಗಡಿಯಾರವೇಕೆಂದು ಹುಡುಗಿಯರೇ ಕೇಳುತ್ತಾರೆ. ನಾವು ತರಗತಿಯಲ್ಲಿ ವಿಚಾರಿಸಿ ನೋಡಿದೆವು: ಮೊಬೈಲು ಬಹುಮಂದಿಗೆ ತಂದೆಯದು ಇಲ್ಲವೆ ಅಣ್ಣನದು, ಸಂಜೆ ಒಂದು ಗಂಟೆ ಕೈಗೆ ಬರುವಂಥದು. ಪರೀಕ್ಷೆಯ ಕೊಠಡಿಯೊಳಕ್ಕೆ ಅದನ್ನು ಬಿಡುವುದೂ ಇಲ್ಲ. (ನೀಟ್ ಪರೀಕ್ಷೆಗಾದರೆ ಕೈಗಡಿಯಾರವನ್ನೂ ಬಿಡುವುದಿಲ್ಲ, ಆದರೆ ಅದಕ್ಕೆ ಸಿದ್ಧವಾಗುವ ಎರಡು ವರುಷ ಗಡಿಯಾರವು ಬೇಕಷ್ಟೆ.) ಅದಲ್ಲದೆ ಸಮಯ ನೋಡಲು ಮೊಬೈಲನ್ನು ತೆಗೆದವರು ಸಮಯವನ್ನು ಮಾತ್ರ ನೋಡಿ ಇಟ್ಟದ್ದನ್ನು ನಾವು ಇದುವರೆಗೆ ಕಂಡಿಲ್ಲ, ನಮ್ಮನ್ನೂ ಸೇರಿಸಿಕೊಂಡೇ ಹೇಳುತ್ತೇವೆ.

ಸ್ಮಾರ್ಟ್ ವಾಚೆಂಬುದರ ವಿಷಯದಲ್ಲಿ ನಮಗೆ ಬೇರೆ ಒಂದು ಚಿಂತೆಯುಂಟು. ಹೆಜ್ಜೆ ಎಣಿಸುತ್ತದೆ, ಹೃದಯದ ಬಡಿತವನ್ನು ಹೇಳುತ್ತದೆ, ಒಳ್ಳೆಯದು. ಆದರೆ ಅವುಗಳಲ್ಲಿ ಕೆಲವು, ಕಟ್ಟಿಕೊಂಡವರು ಎಲ್ಲಿದ್ದಾರೆಂಬುದನ್ನು ಮನೆಯವರ ಮೊಬೈಲಿಗೆ ತಿಳಿಸುತ್ತಲೇ ಇರುತ್ತವೆ. ಇದೇ ಕಾರಣದಿಂದ ಅದನ್ನು ಕೊಡಿಸುತ್ತೇವೆಂದು ಇಬ್ಬರು ಪೋಷಕರು ನಮ್ಮೊಡನೆ ಹೇಳಿದರು. ಬಂಗಾರಪೇಟೆಯಿಂದಲೂ ಮಾಲೂರಿನಿಂದಲೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುವ ಮಗಳ ವಿಷಯದಲ್ಲಿ ತಾಯಿಗೆ ಇರುವ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ನಾವೂ ಆ ಭಯದಿಂದಲೇ ಹಾಸ್ಟೆಲಿನ ಬಾಗಿಲನ್ನು ನೋಡುತ್ತ ಕುಳಿತವರು. ಆದರೆ ವಾಚೆಂಬ ಇಂಗ್ಲಿಷ್ ಪದಕ್ಕೆ ಕಾವಲೆಂಬ ಅರ್ಥವೂ ಉಂಟು. ಕಾವಲನ್ನು ಬಹುಮಾನವೆಂದು ಕೊಡುವುದು ಸತ್ಯವಾದ ನಡತೆಯಲ್ಲ. ಅಂಥದು ಬೇಕೇ ಆದರೆ ಮಗಳೊಡನೆ ಬಾಯಿಬಿಟ್ಟು ಮಾತನಾಡಿ, ಅವಳ ಒಪ್ಪಿಗೆಯಿಂದ ಬೇರೆಯಾಗಿ ಕೊಡಿಸಿರಿ.

ನಾವೂ ತಪ್ಪು ಮಾಡದವರಲ್ಲ. ಕೆಲವು ವರುಷಗಳ ಹಿಂದೆ, ಮೇಲುತರಗತಿಯಲ್ಲಿ ತೇರ್ಗಡೆಯಾದ ಏಳು ಮಂದಿ ಹುಡುಗಿಯರಿಗೆ ಶಾಲೆಯ ವತಿಯಿಂದ ಗಡಿಯಾರ ಕೊಡುವುದೆಂದು ಗೊತ್ತುಮಾಡಿ, ಕ್ರಯವು ಕಡಿಮೆಯೆಂದು, ನೋಟಕ್ಕೆ ಚೆನ್ನಾಗಿವೆಯೆಂದು, ನಾವೇ ಆರಿಸಿ ತಂದೆವು. ವೇದಿಕೆಯ ಮೇಲೆ ಚಪ್ಪಾಳೆಯಾಯಿತು. ದಸರೆಯ ರಜೆಯೊಳಗಾಗಿ ಐದು ನಿಂತುಹೋದವು. ಅವರಲ್ಲಿ ಒಬ್ಬಳು, ಶಾಲೆಯು ಕೊಟ್ಟದ್ದನ್ನು ತಾನೇ ಕೆಡಿಸಿದೆನೆಂದು ಹೆದರಿ, ನಿಂತ ಗಡಿಯಾರವನ್ನೇ ಕಟ್ಟಿಕೊಂಡು, ನಮ್ಮನ್ನು ಕಂಡಾಗಲೆಲ್ಲ ಕೈಯನ್ನು ಸೆರಗಿನಲ್ಲಿ ಮರೆಮಾಡುತ್ತಿದ್ದಳು. ಅದು ನಮಗೆ ತಿಳಿದದ್ದು ಮುಂದಿನ ಬೇಸಗೆಯಲ್ಲಿ. ಅವಳಿಗೆ ಬೇರೊಂದನ್ನು ಕೊಡಿಸಿದೆವು. ಆದರೆ ಆ ಎಂಟು ತಿಂಗಳನ್ನು ಹಿಂದಕ್ಕೆ ಕೊಡುವುದು ಹೇಗೆ?

ಈ ವರುಷ ಕೊಡುವ ಗಡಿಯಾರಗಳನ್ನು ಹುಡುಗಿಯರೇ ಬಂದು, ಕೈಗೆ ಕಟ್ಟಿ ನೋಡಿ, ಅಂಗಡಿಯ ಹೊರಗಿನ ಬೆಳಕಿನಲ್ಲಿಯೂ ಒಳಗಿನ ನೆರಳಿನಲ್ಲಿಯೂ ಗಂಟೆಯನ್ನು ಓದಿ ಆರಿಸಿದ್ದಾರೆ. ಹೆಸರುಗಳನ್ನು ಕೆತ್ತಿಸಿ ಆಗಿದೆ. ಶ್ರೀನಿವಾಸಪುರದ ಆ ತಂದೆಯೂ ಕಲ್ಲಿನ ಗಡಿಯಾರವನ್ನು ಅಂಗಡಿಗೆ ಹಿಂದಿರುಗಿಸಲು ಹೋದರಂತೆ; ಅಂಗಡಿಯವನು ಹಣವನ್ನು ಕೊಡಲೊಪ್ಪದೆ ವಿನಿಮಯಕ್ಕೆ ಒಪ್ಪಿದನಂತೆ. ಮಗಳು ತನಗೆ ಬೇಕಾದುದನ್ನು ಆರಿಸಿಕೊಂಡಳು. ಉಳಿದ ಮೊತ್ತಕ್ಕೆ ತಾಯಿಗೂ ಒಂದು ಬಂದಿತಂತೆ. ಹಿಂದಿನ ವರುಷಗಳಲ್ಲಿ ಶಾಲೆಯಿಂದ ಪಡೆದ ಗಡಿಯಾರಗಳಲ್ಲಿ ಪಟ್ಟಿ ಹರಿದದ್ದು, ಬ್ಯಾಟರಿ ಮುಗಿದದ್ದು, ಹೆಸರು ಕೆತ್ತಿಸದೆ ಇದ್ದದ್ದು ಯಾರ ಬಳಿಯಲ್ಲಾದರೂ ಇದ್ದರೆ, ವಾರ್ಷಿಕೋತ್ಸವದ ದಿವಸ ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರ ವರೆಗೆ ಹೊಲಿಗೆಯ ಕೊಠಡಿಗೆ ತರಬೇಕಾಗಿ ಕೋರುತ್ತೇವೆ, ರಿಪೇರಿಯವರು ಅಲ್ಲಿರುತ್ತಾರೆ. ಈಗ ಅಣ್ಣಂದಿರ ಕೈಯಲ್ಲಿರುವವುಗಳನ್ನೂ ತರಬಹುದು.

— ಮುಖ್ಯೋಪಾಧ್ಯಾಯಿನಿ