ಸೀಟು ಖಚಿತ, ಮತ್ತೇಕೆ ನೂಕುನುಗ್ಗಲು?

ಊರಿಗೆ ಹೋಗಲು ಮುಂಬಯಿ ಕನ್ನಡಿಗರು ಒಂದು ಕಾಲದಲ್ಲಿ ರಾತ್ರಿ ಬಸ್ಸನ್ನೇ ನಂಬಿದ್ದರು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡಿತು. ಈಗ ಊರಲ್ಲಿ ಮದುವೆ, ನೇಮ, ಬ್ರಹ್ಮಕಲಶ ಎಂದರೆ ಮಕ್ಕಳು ಹಿರಿಯರಿಗೆ ವಿಮಾನದ ಟಿಕೆಟು ತೆಗೆದುಕೊಡುತ್ತಾರೆ. ಸಂತೋಷದ ವಿಷಯ. ಆದರೆ ಬಸ್ಸಿನ ಕಾಲದ ಒಂದು ಅಭ್ಯಾಸ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಗೇಟಿನಲ್ಲಿ ಸಿಬ್ಬಂದಿ ಎದ್ದು ನಿಂತರೆ ಸಾಕು, ನೂಕುನುಗ್ಗಲು ಶುರು.

ಇತ್ತೀಚೆಗೆ ಮಂಗಳೂರಿಗೆ ಹೊರಟಾಗ ಕಂಡದ್ದು. ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧೆಯೊಬ್ಬರನ್ನು ಮೊದಲು ಬಿಡಿ ಎಂದು ಸಿಬ್ಬಂದಿ ಕೇಳಿಕೊಂಡರು. ಯಾರೂ ಸರಿಯಲಿಲ್ಲ. "ನಾವೂ ಹಣ ಕೊಟ್ಟೇ ಬಂದದ್ದು" ಎಂಬ ಮಾತು ಕೇಳಿಸಿತು, ಅದೂ ನಮ್ಮ ಭಾಷೆಯಲ್ಲೇ. ಆ ತಾಯಿ ಒಳಗೆ ಬರುವಾಗ ಅವರ ಸಾಲಿನ ಇಬ್ಬರು ಕುಳಿತಾಗಿತ್ತು. ಅವರು ಎದ್ದು ಹೊರಬಂದು ದಾರಿ ಬಿಡುವವರೆಗೆ ಹಿಂದಿನವರೆಲ್ಲ ನಿಂತೇ ಇರಬೇಕಾಯಿತು. ಅವಸರ ಮಾಡಿದ್ದರಿಂದಲೇ ತಡವಾಯಿತು.

ವಿಮಾನದಲ್ಲಿ ಸಮಯ ಹಾಳಾಗುವುದು ಬಾಗಿಲಲ್ಲಿ ಅಲ್ಲ, ಒಳಗಿನ ಕಿರುದಾರಿಯಲ್ಲಿ. ಒಬ್ಬರು ಚೀಲ ಮೇಲಿಡಲು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಅಮೆರಿಕದ ಭೌತವಿಜ್ಞಾನಿ ಜೇಸನ್ ಸ್ಟೆಫೆನ್ 2008ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಿಂದಿನ ಸಾಲಿನವರನ್ನೆಲ್ಲ ಒಟ್ಟಿಗೆ ಮೊದಲು ಬಿಟ್ಟರೂ ಹೆಚ್ಚು ಲಾಭವಿಲ್ಲ, ಎಲ್ಲರೂ ಒಂದೇ ಜಾಗದಲ್ಲಿ ಚೀಲ ಎತ್ತುತ್ತಾರೆ. ಸಾಲು ಬಿಟ್ಟು ಸಾಲಿನಂತೆ ಕಿಟಕಿಯ ಬದಿಯವರನ್ನು ಮೊದಲು ಕಳುಹಿಸಿದರೆ ಬೇಗ ಮುಗಿಯುತ್ತದೆ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2023ರ ಅಕ್ಟೋಬರಿನಲ್ಲಿ ಸಾಮಾನ್ಯ ದರ್ಜೆಗೆ ಕಿಟಕಿ, ನಡುವೆ, ಬದಿ ಎಂಬ ಕ್ರಮ ತಂದಿತು.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ಅನುಭವದಿಂದ ಹೇಳುವುದಾದರೆ, ಟೋಕನ್ ಹಿಡಿದವನು ಗಾಜಿಗೆ ಒರಗಿ ನಿಂತರೂ ಅವನ ಸಂಖ್ಯೆ ಮೊದಲು ಬರುವುದಿಲ್ಲ. ಬೋರ್ಡಿಂಗ್ ಪಾಸೂ ಅಂಥದ್ದೇ ಟೋಕನ್. ಅದರಲ್ಲಿರುವ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ. ನಿಜವಾದ ಚಿಂತೆ ಸೀಟಿನದ್ದಲ್ಲ, ಚೀಲ ಇಡುವ ಜಾಗದ್ದು. ಹಪ್ಪಳ, ಚಕ್ಕುಲಿ, ಕುಚ್ಚಲಕ್ಕಿಯ ಭಾರದ ಚೀಲವನ್ನು ಚೆಕ್‌ಇನ್‌ನಲ್ಲೇ ಕೊಟ್ಟರೆ ಆ ಚಿಂತೆಯೂ ಇಲ್ಲ.

ತಪ್ಪು ಪ್ರಯಾಣಿಕರದ್ದು ಮಾತ್ರ ಎನ್ನಲಾಗದು. 2023ರ ಜನವರಿ 9ರಂದು ಬೆಂಗಳೂರಿನಿಂದ ದೆಹಲಿಗೆ ಹೊರಟ ಗೋ ಫಸ್ಟ್ ವಿಮಾನ, ಬಸ್ಸಿನಲ್ಲಿದ್ದ 55 ಪ್ರಯಾಣಿಕರನ್ನು ನಿಲ್ದಾಣದಲ್ಲೇ ಬಿಟ್ಟು ಹಾರಿತ್ತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಆ ಸಂಸ್ಥೆಗೆ 10 ಲಕ್ಷ ರೂಪಾಯಿ ದಂಡ ವಿಧಿಸಿತು. ಇಂಥದ್ದನ್ನು ಕೇಳಿದವರಿಗೆ ಭಯ ಸಹಜ. ಅದರ ಮೇಲೆ ಮುಂಬಯಿ ಸೇರಿದಂತೆ ಹಲವು ನಿಲ್ದಾಣಗಳಲ್ಲಿ ಧ್ವನಿವರ್ಧಕದ ಪ್ರಕಟಣೆ ಕಡಿಮೆಯಾಗಿದೆ. ಗೇಟು ಬದಲಾದರೆ ಫಲಕವನ್ನೇ ನೋಡಬೇಕು. ಅದನ್ನು ಓದಲಾಗದ ಹಿರಿಯರು ಏನು ಮಾಡಬೇಕು?

ಇಲ್ಲಿ ನಮ್ಮ ಸಂಘಗಳಿಗೆ ಕೆಲಸವಿದೆ. ಸನ್ಮಾನ, ಮನರಂಜನೆಯ ನಡುವೆ ಅರ್ಧ ಗಂಟೆ ಹಿರಿಯರಿಗೆ ವಿಮಾನ ಪ್ರಯಾಣದ ತಿಳುವಳಿಕೆ ನೀಡಲಿ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟು ತೆಗೆಯುವಾಗಲೇ ತಿಳಿಸಬೇಕು, ಗೇಟು ಸಾಮಾನ್ಯವಾಗಿ 25 ನಿಮಿಷ ಮೊದಲೇ ಮುಚ್ಚುತ್ತದೆ ಎಂಬಷ್ಟನ್ನಾದರೂ ಹೇಳಿಕೊಡಲಿ. ಗೇಟಿನಲ್ಲಿ ಗಾಬರಿಯಿಂದ ನಿಂತ ಹಿರಿಯರು ಕಂಡರೆ, "ಬನ್ನಿ ಅಮ್ಮ, ನೀವು ಮುಂದೆ ಹೋಗಿ" ಎಂದು ನಮ್ಮವರೊಬ್ಬರು ಹೇಳಲಿ. ಹೀಗೆ ಬಿಟ್ಟುಕೊಟ್ಟವರ ಸೀಟು ಎಲ್ಲಿಗೂ ಹೋಗುವುದಿಲ್ಲ.